ಹಲ್ಲಿನದ್ದೋ, ದವಡೆಯದ್ದೋ? ಮೊದಲ ಹಲ್ಲು ಕೀಳಿಸುವ ಮುನ್ನ

(ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ವಾಚನಾಲಯವೊಂದರಲ್ಲಿ ದಂತವೈದ್ಯರೊಬ್ಬರು ಮಾತಾಡಿದ್ದರ ಬರಹ ರೂಪ)

ಕಳೆದ ತಿಂಗಳು ನನ್ನ ಕ್ಲಿನಿಕ್ಕಿಗೆ ಒಂದು ಮನೆಯವರು ಬಂದಿದ್ದರು. ಅಮ್ಮ, ಚಿಕ್ಕಮ್ಮ, ಅವರ ನಡುವೆ 22 ವರ್ಷದ ಹುಡುಗಿ. ಅವಳ ಕೆಳದವಡೆ ಸ್ವಲ್ಪ ಮುಂದಿದೆ. ಬಾಯಿ ಮುಚ್ಚಿದರೆ ಕೆಳಗಿನ ಹಲ್ಲುಗಳು ಮೇಲಿನವುಗಳ ಹೊರಗೆ ಬಂದು ಕೂರುತ್ತವೆ. ಕುರ್ಚಿ ಎಳೆದು ಕೂತ ಕೂಡಲೇ ಚಿಕ್ಕಮ್ಮ ಕೇಳಿದರು, "ಡಾಕ್ಟ್ರೇ, ಇದಕ್ಕೆ ಕ್ಲಿಪ್ ಹಾಕಿದ್ರೆ ಸಾಕಾ, ಆಪರೇಶನ್ನೇ ಆಗ್ಬೇಕಾ? ಹುಡುಗನ ಕಡೆಯವರು ನೋಡ್ಲಿಕ್ಕೆ ಬರುವ ಮೊದಲು ಆಗ್ಬೇಕಿತ್ತು." ಹುಡುಗಿ ಶಾಲಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದು ಕೂತಿದ್ದಳು. ಒಂದು ಮಾತೂ ಆಡಲಿಲ್ಲ.

ಅವಳ ವಿಷಯಕ್ಕೆ ಕೊನೆಗೆ ಬರುತ್ತೇನೆ. ಇವತ್ತು ನಾನು ಹೇಳುವ ಎಲ್ಲರ ವಯಸ್ಸು, ಊರು ಸ್ವಲ್ಪ ಬದಲಿಸಿದ್ದೇನೆ. ಇಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತಲ್ವಾ, ಯಾರಿಗೂ ಮುಜುಗರ ಆಗಬಾರದು.

"ಕ್ಲಿಪ್ಪಾ, ಆಪರೇಶನ್ನಾ" ಅನ್ನುವ ಪ್ರಶ್ನೆ ಮಕ್ಕಳ ವಿಷಯದಲ್ಲಿ ಇಷ್ಟು ಗಟ್ಟಿಯಾಗಿ ಏಳುವುದಿಲ್ಲ. ಹನ್ನೊಂದು ಹನ್ನೆರಡರ ಮಕ್ಕಳಲ್ಲಿ ದವಡೆ ಇನ್ನೂ ಬೆಳೆಯುತ್ತಾ ಇರುತ್ತದೆ. ಆ ಬೆಳವಣಿಗೆಯನ್ನೇ ಸ್ವಲ್ಪ ಆಚೆಗೆ ಈಚೆಗೆ ತಿರುಗಿಸಲಿಕ್ಕೆ ನಮ್ಮಲ್ಲಿ ಸಾಧನಗಳಿವೆ. ಹುಡುಗಿಯರಲ್ಲಿ ಸುಮಾರು 16-17ಕ್ಕೆ ಬೆಳವಣಿಗೆ ನಿಲ್ಲುತ್ತದೆ. ಹುಡುಗರಲ್ಲಿ ಇನ್ನೂ ತಡ, ಕೆಲವರಿಗೆ 20 ದಾಟುವವರೆಗೂ ಕೆಳದವಡೆ ಬೆಳೆಯುವುದುಂಟು. ನಿಂತ ಮೇಲೆ ದವಡೆಯ ಅಳತೆ ಅಷ್ಟೇ. ಆಮೇಲೆ ಯಾವ ಕ್ಲಿಪ್ ಹಾಕಿದರೂ, ಯಾವ ಪಾರದರ್ಶಕ ತಟ್ಟೆ ಹಾಕಿದರೂ ಓಡಾಡುವುದು ಹಲ್ಲು ಮಾತ್ರ, ದವಡೆ ಅಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿ, ನಾಲಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿದರೆ ದವಡೆ ಸರಿಹೋಗುತ್ತದೆ ಅಂತ ತಿಂಗಳುಗಟ್ಟಲೆ ಪ್ರಯತ್ನ ಮಾಡಿದ ಹುಡುಗರು ನನ್ನ ಹತ್ತಿರ ಬಂದಿದ್ದಾರೆ. ದೊಡ್ಡವರ ದವಡೆ ಹಾಗೆ ಬದಲಾಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಆ ಹುಡುಗರ ಆಸೆ ದೊಡ್ಡದಿತ್ತು, ಹಾಗಾಗಿ ಇದನ್ನು ಅವರಿಗೆ ಹೇಳುವುದು ನನಗೆ ಕಷ್ಟವಾಗಿತ್ತು.

ಹಾಗಾದರೆ ಮೊದಲ ಪ್ರಶ್ನೆ ಬೇರೆಯದು. ತೊಂದರೆ ಹಲ್ಲಿನದ್ದೋ, ದವಡೆಯದ್ದೋ?

ಈಗ ನೀವೆಲ್ಲ ಒಂದು ಕೆಲಸ ಮಾಡಿ. ಹಿಂದಿನ ದವಡೆಹಲ್ಲುಗಳನ್ನು ಒಂದಕ್ಕೊಂದು ತಾಗಿಸಿ ಕಚ್ಚಿ. ತುಟಿ ಸ್ವಲ್ಪ ತೆರೆಯಿರಿ. ಮುಂದಿನ ಹಲ್ಲುಗಳ ಸಂದಿಯಲ್ಲಿ ನಾಲಗೆಯ ತುದಿ ಹೊರಗೆ ಬರುತ್ತದೆಯೇ ನೋಡಿ. ಹೆಚ್ಚಿನವರಿಗೆ ಬರುವುದಿಲ್ಲ. ಬರುವವರಿಗೆ ಮುಂದಿನ ಹಲ್ಲು ಕೂಡುತ್ತಿಲ್ಲ ಅಂತ ಅರ್ಥ. ಅಂಥವರಿಗೆ ಮಿಡಿ ಉಪ್ಪಿನಕಾಯಿ ಕಚ್ಚಲಿಕ್ಕೆ ಆಗುವುದಿಲ್ಲ. ಬಾಯಿಯ ಪಕ್ಕಕ್ಕೆ ತೆಗೆದುಕೊಂಡು ಹೋಗಿ ಕಚ್ಚಬೇಕು. ಎಷ್ಟೋ ಜನ ಇದು ಎಲ್ಲರಿಗೂ ಹೀಗೇ ಅಂದುಕೊಂಡು ಮೂವತ್ತು ವರ್ಷ ಕಳೆದಿರುತ್ತಾರೆ.

ಅಮೆರಿಕದ ಎಡ್ವರ್ಡ್ ಆಂಗಲ್ ಎನ್ನುವವರು 1899ರಲ್ಲಿ ಹಲ್ಲಿನ ಜೋಡಣೆಯನ್ನು ಮೂರು ವರ್ಗ ಮಾಡಿದರು. ನಾವು ಇವತ್ತಿಗೂ ಅದನ್ನೇ ಬಳಸುತ್ತೇವೆ. ಆದರೆ ಅವರು ನೋಡಿದ್ದು ಹಲ್ಲು ಹಲ್ಲಿಗೆ ಹೇಗೆ ಕೂರುತ್ತದೆ ಅನ್ನುವುದನ್ನು. ಹಲ್ಲಿನ ಹಿಂದೆ ಮೂಳೆ ಎಲ್ಲಿದೆ ಅಂತ ಅಳೆಯುವ ದಾರಿ ಸಿಕ್ಕಿದ್ದು 1931ರಲ್ಲಿ, ತಲೆಯ ಪಕ್ಕದಿಂದ ಒಂದೇ ಕ್ರಮದಲ್ಲಿ ಎಕ್ಸ್‌ರೇ ತೆಗೆಯುವ ವಿಧಾನ ಬಂದಾಗ. ಅದಕ್ಕೆ ಸೆಫಲೋಗ್ರಾಮ್ ಅನ್ನುತ್ತೇವೆ. ಅದರ ಮೇಲೆ ಗೆರೆ ಎಳೆದು ಕೋನ ಅಳೆಯುತ್ತೇವೆ. ಮೇಲ್ದವಡೆಗೂ ಕೆಳದವಡೆಗೂ ನಡುವಿನ ಕೋನ ಸಾಮಾನ್ಯವಾಗಿ 2 ಡಿಗ್ರಿಯ ಆಸುಪಾಸು ಇರಬೇಕು. ಅದು ಎಷ್ಟು ತಪ್ಪಿದೆ ಅನ್ನುವುದು ಬಹಳಷ್ಟು ಹೇಳುತ್ತದೆ. ದೊಡ್ಡವರಿಗೆ ಈ ಎಕ್ಸ್‌ರೇ ತೆಗೆಯದೆ, ಬರೀ ಬಾಯಿ ನೋಡಿ ಕ್ಲಿಪ್ ಶುರು ಮಾಡುತ್ತೇನೆ ಅಂದರೆ ಎದ್ದು ಬನ್ನಿ. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಇನ್ನು ನನ್ನ ಇವತ್ತಿನ ಮುಖ್ಯ ಮಾತು. ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು.

ತೋಟದ ಅಂಚಿನ ತೆಂಗಿನ ಮರ ನೋಡಿದ್ದೀರಲ್ಲ? ನೆರಳಿದ್ದರೆ ಬೆಳಕಿನ ಕಡೆಗೆ ವಾಲುತ್ತದೆ. ಬುಡ ಇದ್ದಲ್ಲೇ ಇರುತ್ತದೆ, ತುದಿ ಹೊರಗೆ ಚಾಚುತ್ತದೆ. ಹಲ್ಲೂ ಹಾಗೇ. ದವಡೆಗಳು ಹೊಂದದಿದ್ದರೆ ಹಲ್ಲುಗಳು ತಾವಾಗಿಯೇ ವಾಲಿ ಒಂದನ್ನೊಂದು ಮುಟ್ಟಲಿಕ್ಕೆ ನೋಡುತ್ತವೆ. ಕೆಳದವಡೆ ಮುಂದಿದ್ದರೆ ಕೆಳಗಿನ ಹಲ್ಲು ಒಳಗೆ ವಾಲುತ್ತದೆ, ಮೇಲಿನದ್ದು ಹೊರಗೆ ವಾಲುತ್ತದೆ. ದೇಹವೇ ಅರ್ಧ ತೊಂದರೆಯನ್ನು ಮುಚ್ಚಿಟ್ಟಿರುತ್ತದೆ.

ಆಪರೇಶನ್ ಇಲ್ಲದ ದಾರಿ ಅಂದರೆ ಆ ವಾಲುವಿಕೆಯನ್ನು ಇನ್ನಷ್ಟು ಜಾಸ್ತಿ ಮಾಡುವುದು. ಕೆಳಗೆ ಎರಡು ಹಲ್ಲು ತೆಗೆದು, ಆ ಜಾಗಕ್ಕೆ ಮುಂದಿನ ಹಲ್ಲುಗಳನ್ನು ಹಿಂದೆ ಎಳೆದು, ದವಡೆಯ ವ್ಯತ್ಯಾಸವನ್ನು ಹಲ್ಲಿನಿಂದ ಮರೆಮಾಡುವುದು. ಆಪರೇಶನ್ನಿನ ದಾರಿ ಇದಕ್ಕೆ ಪೂರ್ತಿ ಉಲ್ಟಾ. ಮೊದಲು ಕ್ಲಿಪ್ ಹಾಕಿ ವಾಲಿದ ಹಲ್ಲುಗಳನ್ನು ನೆಟ್ಟಗೆ ಮಾಡಬೇಕು. ಅಂದರೆ ಕೆಳಗಿನ ಹಲ್ಲನ್ನು ಮುಂದಕ್ಕೆ, ಮೇಲಿನದ್ದನ್ನು ಹಿಂದಕ್ಕೆ ತರಬೇಕು. ಕೀಳುವುದಿದ್ದರೆ ಹೆಚ್ಚಾಗಿ ಮೇಲಿನ ಹಲ್ಲು. ಆಗ ಮುಚ್ಚಿಟ್ಟ ತೊಂದರೆ ಪೂರ್ತಿ ಹೊರಗೆ ಬರುತ್ತದೆ. ಒಂದು ವರ್ಷ, ಒಂದೂವರೆ ವರ್ಷ ಮುಖ ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ. ಆಮೇಲೆ ದವಡೆಯನ್ನೇ ಸರಿಸುವುದು.

ಮೇಲಿನ ಹಲ್ಲು ಉಬ್ಬಿ, ಕೆಳದವಡೆ ಚಿಕ್ಕದಾಗಿರುವವರಲ್ಲಿ ಇದೆಲ್ಲ ತಿರುಗುಮುರುಗು. ಮರೆಮಾಡುವ ದಾರಿಯಲ್ಲಿ ಮೇಲಿನ ಹಲ್ಲು ಕೀಳುತ್ತಾರೆ, ಆಪರೇಶನ್ನಿನ ದಾರಿಯಲ್ಲಿ ಕೀಳುವುದಿದ್ದರೆ ಕೆಳಗಿನದ್ದು.

ಕುಂಬಳೆಯಲ್ಲಿ ಹೈವೇ ಬದಿಗೆ ನಿಂತಿದ್ದೀರಿ ಅಂದುಕೊಳ್ಳಿ. ರಸ್ತೆ ಒಂದೇ. ಒಂದು ಬಸ್ಸು ಮಂಗಳೂರಿಗೆ, ಇನ್ನೊಂದು ಕಾಸರಗೋಡಿಗೆ. ಉಪ್ಪಳದವರೆಗೆ ಹೋಗಿ "ಇಲ್ಲ, ನನಗೆ ಕಾಸರಗೋಡಿಗೆ ಹೋಗಬೇಕಿತ್ತು" ಅಂದರೆ ಹೋದಷ್ಟೂ ದೂರ ತಿರುಗಿ ಬರಬೇಕು. "ಮೊದಲು ಕ್ಲಿಪ್ ಹಾಕಿ ನೋಡುವ, ಸರಿಯಾಗದಿದ್ರೆ ಆಪರೇಶನ್ ಮಾಡುವ" ಅಂತ ತುಂಬಾ ಜನ ಹೇಳುತ್ತಾರೆ. ಕೇಳಲಿಕ್ಕೆ ಎಷ್ಟು ಸರಿ ಅನ್ನಿಸುತ್ತದೆ! ಆದರೆ ಹಲ್ಲಿನ ವಿಷಯದಲ್ಲಿ ಅದು ತಪ್ಪು ಲೆಕ್ಕ. ಹಲ್ಲು ಕೀಳದೆ, ಸೊಟ್ಟ ಹಲ್ಲುಗಳನ್ನು ಸಾಲಿಗೆ ತರುವ ಮೊದಲ ಕೆಲವು ತಿಂಗಳು ಎರಡೂ ದಾರಿಗೆ ಒಂದೇ. ಅಲ್ಲಿಯವರೆಗೆ ಯೋಚನೆಗೆ ಅವಕಾಶ ಇದೆ. ಹಲ್ಲು ಕಿತ್ತು, ಜಾಗ ಮುಚ್ಚಲಿಕ್ಕೆ ಶುರು ಮಾಡಿದ ಮೇಲೆ ನೀವು ಬಸ್ಸು ಹತ್ತಿ ಆಯಿತು.

ಇದನ್ನು ನನಗೆ ಕಲಿಸಿದವರು ಒಬ್ಬ ಹೆಣ್ಣುಮಗಳು, ಶಾಲೆಯ ಟೀಚರು. 24ನೇ ವಯಸ್ಸಿನಲ್ಲಿ ಬೇರೆ ಕಡೆ ಚಿಕಿತ್ಸೆ ಮಾಡಿಸಿದ್ದರು. ಕೆಳದವಡೆ ಚಿಕ್ಕದು, ಮೇಲಿನ ಹಲ್ಲು ಉಬ್ಬು. ಮೇಲಿನ ಎರಡು ಹಲ್ಲು ಕಿತ್ತು, ಮುಂದಿನದ್ದನ್ನೆಲ್ಲ ಹಿಂದಕ್ಕೆ ಎಳೆದಿದ್ದರು. ಹಲ್ಲು ಚಂದ ಕೂತಿತ್ತು. ನನ್ನ ಹತ್ತಿರ ಬರುವಾಗ 35. ತುಟಿ ಒಳಗೆ ಹೋಗಿ ಮೂಗು ದೊಡ್ಡದಾಗಿ ಕಾಣುತ್ತದೆ, ಗದ್ದ ಇಲ್ಲದ ಹಾಗೆ ಕಾಣುತ್ತದೆ ಅನ್ನುವ ಬೇಸರ ಅವರಿಗಿತ್ತು. ಜೊತೆಗೆ ರಾತ್ರಿ ಉಸಿರು ಕಟ್ಟುವ ತೊಂದರೆ. ನಿದ್ದೆಯ ಪರೀಕ್ಷೆ ಮಾಡಿಸಿದಾಗ ಅದು ನಿಜ ಅಂತ ಗೊತ್ತಾಯಿತು. ದವಡೆ ಮುಂದಕ್ಕೆ ತರುವ ಆಪರೇಶನ್ ಅದಕ್ಕೆ ಒಂದು ಒಳ್ಳೆಯ ಪರಿಹಾರ. ಆದರೆ ಮುಂದಕ್ಕೆ ತರಲಿಕ್ಕೆ ಜಾಗ ಎಲ್ಲಿದೆ? ಮೇಲಿನ ಹಲ್ಲನ್ನು ಹಿಂದೆ ಎಳೆದು ಆ ಜಾಗ ಮುಚ್ಚಿ ಆಗಿದೆ. ಮುಚ್ಚಿದ್ದನ್ನೇ ಮತ್ತೆ ತೆರೆಯಬೇಕು, ಅದೇ ಹಲ್ಲುಗಳನ್ನು ಮತ್ತೆ ಮುಂದೆ ತಳ್ಳಬೇಕು, ಖಾಲಿಯಾದಲ್ಲಿ ಕೃತಕ ಹಲ್ಲು ಕೂರಿಸಬೇಕು.

ಅವರು ನನ್ನ ಮೇಜಿನ ಮೇಲಿದ್ದ ತಮ್ಮ ಹಲ್ಲಿನ ಅಚ್ಚನ್ನು ಕೈಯಲ್ಲಿ ಹಿಡಿದು, ಹಲ್ಲು ಇದ್ದ ಜಾಗವನ್ನು ಬೆರಳಿನಿಂದ ಸವರುತ್ತಾ ಕೇಳಿದರು, "ಆಗ ಆಪರೇಶನ್ ಅಂತ ಒಂದು ದಾರಿ ಉಂಟು ಅಂತ ನನಗೆ ಯಾರೂ ಹೇಳ್ಲೇ ಇಲ್ಲ. ಹೇಳಿದ್ರೆ ಬೇಡ ಅಂತಿದ್ನೋ ಏನೋ. ಆದ್ರೆ ಹೇಳ್ಬೇಕಿತ್ತು ಅಲ್ವಾ?" ಹೌದು, ಹೇಳಬೇಕಿತ್ತು. ಆ ದಿನದಿಂದ ನಾನು ಎರಡೂ ದಾರಿಯನ್ನು ಬರೆದು ಕೊಡದೆ ದೊಡ್ಡವರಿಗೆ ಒಂದು ಹಲ್ಲೂ ಕೀಳಿಸಿಲ್ಲ.

ಹಾಗಂತ ಆಪರೇಶನ್ ಮೇಲು, ಕ್ಲಿಪ್ ಕೀಳು ಅಂತ ನಾನು ಹೇಳುತ್ತಿಲ್ಲ. ನನ್ನ ಹತ್ತಿರ ಬರುವ ದೊಡ್ಡವರಲ್ಲಿ ಹೆಚ್ಚಿನವರಿಗೆ ಆಪರೇಶನ್ ಬೇಕಾಗಿಯೇ ಇಲ್ಲ. ಹಲ್ಲು ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ನಮ್ಮ ಶಾಸ್ತ್ರದಲ್ಲಿ ಒಂದು ಅಂದಾಜಿದೆ. ಮೇಲಿನ ಮುಂದಿನ ಹಲ್ಲನ್ನು ಬರೀ ಕ್ಲಿಪ್ಪಿನಿಂದ ಹೆಚ್ಚೆಂದರೆ ಸುಮಾರು 7 ಮಿಲಿಮೀಟರ್ ಹಿಂದೆ ತರಬಹುದು. ಆಪರೇಶನ್ ಸೇರಿದರೆ ಸುಮಾರು 15. ಅದೇ ಹಲ್ಲನ್ನು ಮುಂದೆ ತರಬೇಕೆಂದರೆ ಕ್ಲಿಪ್ಪಿಗೆ 2 ಮಿಲಿಮೀಟರ್ ಅಷ್ಟೇ. ನೋಡಿ, ಎಲ್ಲಾ ದಿಕ್ಕಿಗೂ ಒಂದೇ ಮಿತಿ ಇಲ್ಲ.

ಮಿತಿ ಯಾಕೆ ಅಂದರೆ ಹಲ್ಲು ಮೂಳೆಯೊಳಗೆ ಸರಿಯುವ ರೀತಿಯೇ ಹಾಗೆ. ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತದೆ. ಹಿಂದೆ ಬಿಟ್ಟುಬಂದ ಕಡೆ ಹೊಸ ಮೂಳೆ ತುಂಬುತ್ತದೆ. ತಿಂಗಳಿಗೆ ಸುಮಾರು 1 ಮಿಲಿಮೀಟರ್. ಅವಸರ ಮಾಡಿದರೆ ಬೇರು ಸವೆಯುತ್ತದೆ. ಕೆಳಗಿನ ಮುಂದಿನ ಹಲ್ಲುಗಳ ಎದುರಿನ ಮೂಳೆ ಕೆಲವರಲ್ಲಿ ಈರುಳ್ಳಿ ಸಿಪ್ಪೆಯಷ್ಟು ತೆಳು. ಅದನ್ನು ದಾಟಿ ತಳ್ಳಿದರೆ ಒಸಡು ಕೆಳಗೆ ಜಾರುತ್ತದೆ, ಬೇರು ಕಾಣುತ್ತದೆ. ನಲವತ್ತು ದಾಟಿದವರಿಗೆ ಒಸಡಿನ ಕಾಯಿಲೆ ಇದ್ದರೆ ಮೊದಲು ಅದನ್ನು ಹತೋಟಿಗೆ ತರಬೇಕು. ಸಕ್ಕರೆ ಕಾಯಿಲೆ ಇದ್ದರೆ ಅದೂ ಹತೋಟಿಯಲ್ಲಿರಬೇಕು. ಮೂಳೆ ಸವೆತಕ್ಕೆ ಮಾತ್ರೆಯೋ ಇಂಜೆಕ್ಷನ್ನೋ ತೆಗೆದುಕೊಳ್ಳುವವರು ಅದನ್ನು ಮರೆಯದೆ ಹೇಳಬೇಕು. ಆ ಔಷಧಿಗಳಲ್ಲಿ ಕೆಲವು ದವಡೆಯ ಮೂಳೆ ಕರಗುವುದನ್ನೂ ಮಾಯುವುದನ್ನೂ ತಡೆಯುತ್ತವೆ.

ಒಂದು ಕಾಲದಲ್ಲಿ ಆಪರೇಶನ್ನೇ ಗತಿ ಅನ್ನುತ್ತಿದ್ದ ಕೆಲವು ತೊಂದರೆಗೆ ಈಗ ಸಣ್ಣ ಸ್ಕ್ರೂಗಳು ಬಂದಿವೆ. 6ರಿಂದ 10 ಮಿಲಿಮೀಟರ್ ಉದ್ದ, 2 ಮಿಲಿಮೀಟರ್‌ಗಿಂತ ಸಪೂರ. ಆ ಜಾಗವಷ್ಟನ್ನೇ ಮರಗಟ್ಟಿಸಿ ಮೂಳೆಗೆ ತಿರುಗಿಸುತ್ತೇವೆ. ಕೆಲವು ಸಡಿಲವಾಗಿ ಬರುತ್ತವೆ, ಆಗ ಬೇರೆ ಜಾಗಕ್ಕೆ ಹಾಕಬೇಕು. ಮೊದಲು ಒಂದು ಹಲ್ಲನ್ನು ಎಳೆಯಬೇಕಾದರೆ ಇನ್ನೊಂದು ಹಲ್ಲಿಗೇ ಕಟ್ಟಬೇಕಿತ್ತು. ಕಟ್ಟಿದ ಹಲ್ಲೂ ಜಾರಿ ಬರುತ್ತಿತ್ತು. ಈಗ ಸ್ಕ್ರೂವಿಗೆ ಕಟ್ಟುತ್ತೇವೆ.

ಮಿಡಿ ಉಪ್ಪಿನಕಾಯಿ ಕಚ್ಚಲಿಕ್ಕೆ ಆಗದವರ ವಿಷಯ ಹೇಳಿದೆನಲ್ಲ. ಅಂಥ ಒಬ್ಬ ಅಕ್ಕ ಇದ್ದರು, 31 ವರ್ಷ. ಮುಂದೆ 4 ಮಿಲಿಮೀಟರ್ ಸಂದಿ. ಮೊದಲು ನೋಡಿದವರು ಮೇಲ್ದವಡೆಯ ಆಪರೇಶನ್ ಹೇಳಿದ್ದರು. ಅದು ತಪ್ಪು ಸಲಹೆ ಅಲ್ಲ. ಆದರೆ ಅವರ ಮುಖದ ಅಳತೆಯಲ್ಲಿ ಬೇರೆ ದೊಡ್ಡ ತೊಂದರೆ ಇರಲಿಲ್ಲ. ನಾವು ಹಿಂದಿನ ಮೇಲಿನ ದವಡೆಹಲ್ಲುಗಳನ್ನು ಸ್ಕ್ರೂ ಆಧಾರದಲ್ಲಿ ಮೂಳೆಯೊಳಕ್ಕೆ ಸ್ವಲ್ಪ ಸ್ವಲ್ಪವೇ ಇಳಿಸಿದೆವು. ಬಾಗಿಲಿನ ಹಾಗೆ. ಕೀಲಿನ ಹತ್ತಿರ ಚೂರು ಸರಿದರೆ ತುದಿಯಲ್ಲಿ ಜಾಸ್ತಿ ಸರಿಯುತ್ತದೆ. ಹಿಂದೆ 1 ಮಿಲಿಮೀಟರ್ ಇಳಿದರೆ ಮುಂದೆ ಎರಡು ಮೂರು ಮಿಲಿಮೀಟರ್ ಮುಚ್ಚುತ್ತದೆ. ಎರಡು ವರ್ಷ ಹಿಡಿಯಿತು. ಕೊನೆಯ ಸಲ ಬರುವಾಗ ಮನೆಯಿಂದ ಒಂದು ಸಣ್ಣ ಡಬ್ಬಿ ತಂದಿದ್ದರು. ನನ್ನೆದುರೇ ಮುಚ್ಚಳ ತೆಗೆದು, ಒಂದು ಮಿಡಿಯನ್ನು ತೊಟ್ಟಿನಲ್ಲಿ ಹಿಡಿದು ಮುಂದಿನ ಹಲ್ಲಿನಿಂದ ಕಚ್ಚಿದರು. ಟಕ್ ಅಂತ ಶಬ್ದ ಬಂತು. ನನಗೆ ಇವತ್ತಿಗೂ ಆ ಶಬ್ದ ಕೇಳಿಸುತ್ತದೆ.

ಅವರಿಗೆ ರಾತ್ರಿ ಹಾಕುವ ರಿಟೇನರ್ ಕೊಟ್ಟಿದ್ದೇನೆ, ಅಂದರೆ ಸರಿಸಿದ ಹಲ್ಲನ್ನು ಅಲ್ಲೇ ಹಿಡಿದಿಡುವ ಸಾಧನ. ಎಷ್ಟು ವರ್ಷ ಹಾಕಬೇಕು ಅಂತ ಕೇಳಿದರು. ಹಲ್ಲು ಇರುವಷ್ಟು ವರ್ಷ ಅಂದೆ. ಹಲ್ಲು ಹಳೆಯ ಜಾಗಕ್ಕೆ ಮರಳಲಿಕ್ಕೆ ನೋಡುತ್ತಲೇ ಇರುತ್ತದೆ. ಆಪರೇಶನ್ ಮಾಡಿಸಿದವರಿಗೂ ರಿಟೇನರ್ ತಪ್ಪುವುದಿಲ್ಲ.

ಮೊದಲು ಹೇಳಿದ ಪಾರದರ್ಶಕ ತಟ್ಟೆ, ಅಂದರೆ ಅಲೈನರ್ ಬಗ್ಗೆ ಒಂದೇ ಮಾತು. ಒಳ್ಳೆಯ ಸಾಧನವೇ. ದಿನಕ್ಕೆ 20ರಿಂದ 22 ಗಂಟೆ ಹಾಕಬೇಕು. ಅದೂ ಕ್ಲಿಪ್ಪಿನ ಹಾಗೆ ಹಲ್ಲನ್ನು ಸರಿಸುವ ಇನ್ನೊಂದು ಉಪಾಯ, ಅಷ್ಟೇ. ಮನೆಗೆ ಪಾರ್ಸೆಲ್ ತರಿಸಿ, ಎಕ್ಸ್‌ರೇ ಇಲ್ಲದೆ, ಯಾರೂ ಬಾಯಿ ನೋಡದೆ ಹಾಕಿಕೊಳ್ಳುವುದು ಬೇಡ.

ಈಗ ಆಪರೇಶನ್ನಿಗೆ ಬರುತ್ತೇನೆ. ಹೆಸರು ಕೇಳಿಯೇ ಹೆದರುವವರಿದ್ದಾರೆ. ಮೊದಲ ದವಡೆ ಆಪರೇಶನ್ 1849ರಲ್ಲೇ ಅಮೆರಿಕದಲ್ಲಿ ಆಗಿತ್ತು. ಬೆಂಕಿಯಿಂದ ಕುತ್ತಿಗೆ ಸುಟ್ಟು, ಗಾಯ ಎಳೆದು ಕೆಳದವಡೆ ವಿಕಾರವಾಗಿದ್ದ ಒಬ್ಬ ಯುವತಿಗೆ ಸೈಮನ್ ಹಲ್ಲಿಹನ್ ಎನ್ನುವ ವೈದ್ಯರು ಮಾಡಿದ್ದು. ಇಂದು ನಾವು ಮಾಡುವ ರೀತಿಗೆ ಎರಡು ಮೂಲ ಇವೆ. ಫ್ರಾನ್ಸಿನ ರೆನೆ ಲೆ ಫೋರ್ ಎನ್ನುವವರು ಶವಗಳ ತಲೆಗೆ ಪೆಟ್ಟು ಕೊಟ್ಟು ಮುಖದ ಮೂಳೆ ಯಾವ ಗೆರೆಯಲ್ಲಿ ಬಿರುಕು ಬಿಡುತ್ತದೆ ಅಂತ ನೋಡಿ 1901ರಲ್ಲಿ ಬರೆದರು. ಮೇಲ್ದವಡೆಯನ್ನು ಇವತ್ತು ಅದೇ ಗೆರೆಯಲ್ಲಿ ಬಿಡಿಸುತ್ತೇವೆ. ಕೆಳದವಡೆಯನ್ನು ಎರಡೂ ಬದಿಯಲ್ಲಿ ಹಲಗೆ ಸೀಳಿದ ಹಾಗೆ ಸೀಳಿ ಸರಿಸುವ ವಿಧಾನವನ್ನು ಹ್ಯೂಗೋ ಓಬ್ವೆಗೆಸರ್ ಎನ್ನುವವರು 1950ರ ದಶಕದಲ್ಲಿ ಕೊಟ್ಟರು. ಸೀಳಿದ ಎರಡು ಹೋಳು ಒಂದರ ಮೇಲೊಂದು ಜಾರಿ ಹೋಗುವುದರಿಂದ ಮೂಳೆಗೆ ಮೂಳೆ ತಾಗಿಯೇ ಇರುತ್ತದೆ, ಕೂಡಿಕೊಳ್ಳುತ್ತದೆ.

ಸಾಮಾನ್ಯವಾಗಿ ಕೊಯ್ಯುವುದೆಲ್ಲ ಬಾಯಿಯ ಒಳಗೆ. ಹೊರಗೆ ದೊಡ್ಡ ಗುರುತು ಬೀಳುವುದಿಲ್ಲ. ಅರಿವಳಿಕೆಯ ಕೊಳವೆಯನ್ನು ಮೂಗಿನ ಮೂಲಕ ಹಾಕುತ್ತಾರೆ, ಬಾಯಿ ಮುಚ್ಚಿ ಹಲ್ಲು ಸರಿಯಾಗಿ ಕೂತಿದೆಯಾ ಅಂತ ನೋಡಬೇಕಲ್ಲ. ಟೈಟಾನಿಯಂ ಪಟ್ಟಿ, ಸ್ಕ್ರೂ ಹಾಕಿ ಬಿಗಿಯುತ್ತಾರೆ. ಅವು ಹೆಚ್ಚಾಗಿ ಒಳಗೇ ಇರುತ್ತವೆ. ಬುದ್ಧಿಹಲ್ಲು ಅಡ್ಡ ಬರುವುದಿದ್ದರೆ ಸಾಮಾನ್ಯವಾಗಿ ಆರು ತಿಂಗಳು ಮೊದಲೇ ತೆಗೆಸಬೇಕು. ಆಸ್ಪತ್ರೆಯಲ್ಲಿ ಎರಡರಿಂದ ನಾಲ್ಕು ದಿನ. ಮೂರನೇ ದಿನದ ಹೊತ್ತಿಗೆ ಮುಖ ಚೆನ್ನಾಗಿ ಊದಿರುತ್ತದೆ. ಆ ದಿನ ಕನ್ನಡಿ ನೋಡಬೇಡಿ ಅಂತ ನಾನು ಮೊದಲೇ ಹೇಳಿಬಿಡುತ್ತೇನೆ. ಆಪರೇಶನ್ ಆದ ಮೇಲೂ ಆರು ತಿಂಗಳಿಂದ ಒಂದು ವರ್ಷ ಕ್ಲಿಪ್ ಇರುತ್ತದೆ. ಒಟ್ಟು ಎರಡರಿಂದ ಮೂರು ವರ್ಷದ ಲೆಕ್ಕ.

ಊಟದ ಚಿಂತೆ ಮನೆಯವರಿಗೆ ಜಾಸ್ತಿ. ಮೊದಲು ಬೊಂಡದ ನೀರು, ಗಂಜಿಯ ತಿಳಿ, ಸೋಸಿದ ಬೇಳೆಕಟ್ಟು. ಆಮೇಲೆ ರಾಗಿ ಮಣ್ಣಿ, ಚೆನ್ನಾಗಿ ಕಿವುಚಿದ ಕುಚ್ಚಲಕ್ಕಿ ಗಂಜಿ. ಸುಮಾರು ಆರು ವಾರ ಜಗಿಯುವಂಥದ್ದು ಏನೂ ಇಲ್ಲ. ತೂಕ ಇಳಿಯುತ್ತದೆ. ಬಿಸಿ ಮಾಡಿದ ಮಣ್ಣಿಯನ್ನು ಕೊಡುವ ಮೊದಲು ನಿಮ್ಮ ಕೈಗೆ ಬಿಟ್ಟು ನೋಡಿ. ಯಾಕೆ ಅಂತ ಈಗ ಹೇಳುತ್ತೇನೆ.

ಒಬ್ಬರು ಅಡಿಕೆ ಕೃಷಿಕರು, 38 ವರ್ಷ. ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ಕೆಳದವಡೆ ಮುಂದೆ, ಮುಂದಿನ ಹಲ್ಲು ಕೂಡುವುದಿಲ್ಲ. ಶ್ಲೋಕ ಹೇಳುವಾಗ 'ಸ'ಕಾರ 'ಶ'ಕಾರ ಜಾರುತ್ತದೆ ಅನ್ನುವ ಸಂಕಟ ಅವರದ್ದು. ವ್ಯತ್ಯಾಸ ದೊಡ್ಡದು, ಮರೆಮಾಡುವ ಅಳತೆಯದ್ದಲ್ಲ. ಆಪರೇಶನ್ನೇ ಆರಿಸಿಕೊಂಡರು. ಅಡಿಕೆ ಕೊಯ್ಲು ಮುಗಿಯಬೇಕು, ಮಳೆಗಾಲದ ಕೂಟಗಳ ಹೊತ್ತಿಗೆ ಬಾಯಿ ತಯಾರಾಗಬೇಕು ಅಂತ ದಿನ ಹಿಡಿದೆವು. ಎಲ್ಲ ಸರಿಯಾಯಿತು. ಎರಡು ತಿಂಗಳು ಕಳೆದು ಬಂದಾಗ ಅವರ ಹೆಂಡತಿ ಹೇಳಿದರು, "ಗಂಜಿ ಗದ್ದಕ್ಕೆ ಇಳಿದ್ರೂ ಇವರಿಗೆ ಗೊತ್ತಾಗುದಿಲ್ಲ ಡಾಕ್ಟ್ರೇ. ನಾನು ನನ್ನ ಗದ್ದ ಮುಟ್ಟಿ ತೋರಿಸ್ತೇನೆ, ಆಗ ಒರಸಿಕೊಳ್ತಾರೆ."

ಕೆಳತುಟಿಗೂ ಗದ್ದಕ್ಕೂ ಸ್ಪರ್ಶದ ಅರಿವು ಕೊಡುವ ನರ ಕೆಳದವಡೆಯ ಮೂಳೆಯೊಳಗೇ ಹೋಗುತ್ತದೆ, ಸೀಳುವ ಜಾಗದ ಪಕ್ಕದಲ್ಲೇ. ಎಷ್ಟು ಜಾಗ್ರತೆ ಮಾಡಿದರೂ ಅದಕ್ಕೆ ನೋವಾಗುತ್ತದೆ. ಕೆಳದವಡೆಯ ಆಪರೇಶನ್ ಆದವರಲ್ಲಿ ಹೆಚ್ಚಿನವರಿಗೆ ಶುರುವಿಗೆ ಅಲ್ಲಿ ಏನೂ ತಿಳಿಯುವುದಿಲ್ಲ. ಬಹಳಷ್ಟು ಜನರಿಗೆ ಆರು ತಿಂಗಳು, ಒಂದು ವರ್ಷದ ಒಳಗೆ ಮರಳುತ್ತದೆ. ಕೆಲವರಿಗೆ ಪೂರ್ತಿ ಮರಳುವುದೇ ಇಲ್ಲ. ವಯಸ್ಸು ಹೆಚ್ಚಿದ್ದಷ್ಟೂ ಆ ಸಾಧ್ಯತೆ ಜಾಸ್ತಿ. ತುಟಿಯ ಚಲನೆ ಬೇರೆ ನರದ್ದು, ಮಾತಿಗೆ ಅದು ಮುಖ್ಯ, ಅದಕ್ಕೆ ಪೆಟ್ಟಾಗುವುದು ಅಪರೂಪ. ನಾನು ಹತ್ತಿಯ ಎಳೆ ತೆಗೆದುಕೊಂಡು ಪ್ರತಿ ಸಲ ಅವರ ಗದ್ದ ಸವರಿ, ತಿಳಿಯದ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕುತ್ತಿದ್ದೆ. ಗುರುತು ತಿಂಗಳಿಂದ ತಿಂಗಳಿಗೆ ಸಣ್ಣದಾಯಿತು. ಒಂದು ವರ್ಷಕ್ಕೆ ಎಂಟಾಣೆ ನಾಣ್ಯದಷ್ಟು ಉಳಿಯಿತು. ಅದು ಈಗಲೂ ಇದೆ. ಸಕಾರ ಸರಿಯಾಗಲಿಕ್ಕೂ ಸಮಯ ಬೇಕಾಯಿತು. ನಾಲಗೆಗೆ 38 ವರ್ಷದ ಅಭ್ಯಾಸ ಇತ್ತಲ್ವಾ.

ಅವರು ಒಂದು ದಿನ ಹೇಳಿದ್ದು ನನ್ನ ಮನಸ್ಸಿಗೆ ಚುಚ್ಚಿತು. ಆಸ್ಪತ್ರೆಯಲ್ಲಿ ಸಹಿ ಹಾಕಿಸುವಾಗ ಅಲ್ಲಿಯವರು ಮಲಯಾಳದಲ್ಲಿ 'ಮರವಿಪ್ಪ್' ಬರಬಹುದು ಅಂದರಂತೆ. ಇವರು ಜೋಮು ಅಂತ ತಿಳಿದರು. ಜೋಮು ಅಂದರೆ ನಮಗೆ ಕಾಲು ಮಡಚಿ ಕೂತಾಗ ಹಿಡಿಯುವುದು, ಐದು ನಿಮಿಷದಲ್ಲಿ ಬಿಡುವುದು. ಒಂದು ವರ್ಷ ಇರಬಹುದು, ಜೀವನಪೂರ್ತಿ ಇರಬಹುದು ಅಂತ ಅವರು ಅಂದುಕೊಂಡೇ ಇರಲಿಲ್ಲ. ನಾನು ಹೇಳಿದ್ದೆ ಅಂತ ನನ್ನ ನೆನಪು. ಆದರೆ ಸರಿಯಾಗಿ ತಲುಪಿಸಿರಲಿಲ್ಲ. ನಾವು ಇಲ್ಲಿ ಕನ್ನಡ, ತುಳು, ಮಲಯಾಳ ಎಲ್ಲಾ ಮಾತಾಡುತ್ತೇವೆ. ಸಂತೆಗೆ, ಬಸ್ಸಿಗೆ ಅದು ಸಾಕು. ಸಹಿ ಹಾಕುವ ಕಾಗದಕ್ಕೆ ಸಾಕಾಗುವುದಿಲ್ಲ. ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇರುವ ಕಾಗದವನ್ನು ನಿಮಗೆ ಚೆನ್ನಾಗಿ ಗೊತ್ತಿರುವ ಭಾಷೆಯಲ್ಲಿ ಓದಿ ಹೇಳಲಿಕ್ಕೆ ಕೇಳಿ. ಕೇಳುವುದು ನಿಮ್ಮ ಹಕ್ಕು.

ಅಡಿಕೆಯ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. ನಾನೂ ಅಡಿಕೆ ತೋಟದ ಮನೆಯಲ್ಲೇ ಬೆಳೆದದ್ದು. ಅದೇ ನನ್ನನ್ನು ಓದಿಸಿದ್ದು. ಆದರೆ ದಿನವಿಡೀ ಎಲೆಅಡಿಕೆ ಹಾಕುವವರ ಕೆನ್ನೆಯ ಒಳಪದರ ಗಟ್ಟಿಯಾಗಿ, ಬಾಯಿ ತೆರೆಯುವುದೇ ಕಡಿಮೆಯಾಗುವುದನ್ನು ನಾನು ದಿನಾ ನೋಡುತ್ತೇನೆ. ಅಡಿಕೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದೆ, ತಂಬಾಕು ಇಲ್ಲದಿದ್ದರೂ. ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಬಾಯಿಗೆ ಇಟ್ಟು ನೋಡಿ. ಹೋಗದಿದ್ದರೆ ಕ್ಲಿಪ್ಪಿನ ಮಾತು ಆಮೇಲೆ, ಮೊದಲು ಬಾಯಿ ತೋರಿಸಿ. ಅಂಥ ಬಾಯಿಯಲ್ಲಿ ಬ್ರಶ್ ಕೂಡ ಸರಿಯಾಗಿ ಆಡುವುದಿಲ್ಲ, ಅರಿವಳಿಕೆ ಕೊಡುವುದೂ ಕಷ್ಟ. ಬೀಡಿ ಸಿಗರೇಟು ಸೇದುವವರಲ್ಲಿ ಮೂಳೆ ಮಾಯುವುದು ನಿಧಾನ, ಅದನ್ನೂ ಬಿಡಬೇಕು.

ಇನ್ನು ದೂರದ ಲೆಕ್ಕ. ನಮ್ಮಲ್ಲಿ ದೊಡ್ಡ ಚಿಕಿತ್ಸೆ ಅಂದರೆ ಮಂಗಳೂರು. ಕಾಸರಗೋಡಿನಿಂದ 50 ಕಿಲೋಮೀಟರ್. ಬಸ್ಸಿದೆ, ರೈಲಿದೆ. ಆದರೆ ತಿಂಗಳಿಗೊಮ್ಮೆ, ಎರಡು ಮೂರು ವರ್ಷ, ಅರ್ಧ ದಿನದ ಕೂಲಿ ಬಿಟ್ಟು ಹೋಗಬೇಕು. 2020ರ ಮಾರ್ಚ್ ಕೊನೆಗೆ, ಕೊರೊನಾ ಹೊತ್ತಿನಲ್ಲಿ, ಕರ್ನಾಟಕಕ್ಕೆ ದಾಟುವ ತಲಪಾಡಿ ಗಡಿ ಮುಚ್ಚಿದ್ದು ನಿಮಗೆಲ್ಲ ನೆನಪಿದೆ. ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ಜೀವ ಹೋದ ನಮ್ಮವರಿದ್ದಾರೆ. ಅದರ ಎದುರು ಹಲ್ಲಿನ ತಂತಿ ಏನೂ ಅಲ್ಲ. ಆದರೂ ಆಗ ಗಡಿಯ ಈಚೆಗೆ ಉಳಿದ ಎಷ್ಟೋ ಮಂದಿಗೆ ಕೆನ್ನೆಗೆ ಚುಚ್ಚುವ ತಂತಿಗೆ ಮೇಣ ಹಚ್ಚುವುದು ಹೇಗೆ ಅಂತ ಫೋನಿನಲ್ಲೇ ಹೇಳಿಕೊಟ್ಟಿದ್ದೇನೆ. ತಿಂಗಳ ತಪಾಸಣೆ ಹತ್ತಿರದಲ್ಲಿ, ಆಪರೇಶನ್ ಮಾತ್ರ ದೂರದಲ್ಲಿ ಅಂತ ಮಾಡಬಹುದು. ಆದರೆ ಕ್ಲಿಪ್ ಹಾಕುವವರೂ ಆಪರೇಶನ್ ಮಾಡುವವರೂ ಶುರುವಿನಲ್ಲೇ ಒಟ್ಟಿಗೆ ಕೂತು ಒಂದೇ ಯೋಜನೆ ಮಾಡಿರಬೇಕು. ಖರ್ಚು ಆಸ್ಪತ್ರೆಯಿಂದ ಆಸ್ಪತ್ರೆಗೆ ತುಂಬಾ ಬೇರೆ. ದಂತ ವೈದ್ಯಕೀಯ ಕಾಲೇಜುಗಳಲ್ಲಿ ಕಡಿಮೆ. ಕ್ಲಿಪ್ಪಿಗೆ ಆರೋಗ್ಯ ವಿಮೆ ಸಾಮಾನ್ಯವಾಗಿ ಸಿಗುವುದಿಲ್ಲ. ದವಡೆ ಆಪರೇಶನ್ನಿಗೆ ಸಿಗುತ್ತದೋ ಇಲ್ಲವೋ ಅಂತ ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ, ಬಾಯಿಮಾತು ಸಾಲದು.

ಈಗ ಆ ಹುಡುಗಿ. ನಾನು ಅಮ್ಮನನ್ನೂ ಚಿಕ್ಕಮ್ಮನನ್ನೂ ಹೊರಗೆ ಕೂರಲಿಕ್ಕೆ ಹೇಳಿದೆ. ಬಾಗಿಲು ಮುಚ್ಚಿದ ಮೇಲೆ ಕೇಳಿದೆ, "ನಿನಗೆ ಏನು ತೊಂದರೆ ಮಗಾ?" ಸ್ವಲ್ಪ ಹೊತ್ತು ಸುಮ್ನೆ ಇದ್ದಳು. ಆಮೇಲೆ ಶಾಲು ಕೆಳಗಿಳಿಸಿ ಹೇಳಿದಳು, "ತಿನ್ಲಿಕ್ಕೆ ತೊಂದರೆ ಇಲ್ಲ. ಮಾತಾಡ್ಲಿಕ್ಕೂ ಇಲ್ಲ. ಫೋಟೋ ತೆಗೆಯುವಾಗ ಮಾತ್ರ ಒಂಥರಾ ಆಗ್ತದೆ. ಡಾಕ್ಟ್ರೇ, ಏನೂ ಮಾಡದಿದ್ರೆ ಏನಾಗ್ತದೆ?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆ ಕೇಳಿದವರು ತೀರಾ ಕಡಿಮೆ. ಅವಳಿಗೆ ಉತ್ತರ ಹೀಗೆ ಹೇಳಿದೆ. ಮುಂದಿನ ಹಲ್ಲಿನ ಅಂಚು ಸವೆಯುತ್ತಿದೆಯಾ, ಕೆಳಗಿನ ಒಸಡು ಜಾರುತ್ತಿದೆಯಾ, ಕಿವಿಯ ಹತ್ತಿರದ ಕೀಲು ನೋಯುತ್ತಿದೆಯಾ ಅಂತ ವರ್ಷಕ್ಕೊಮ್ಮೆ ನೋಡಬೇಕು. ಈಗ ಈ ಮೂರೂ ಇಲ್ಲ. ಒಂದು ವರ್ಷದ ಅಂತರದಲ್ಲಿ ತೆಗೆದ ಎರಡು ಎಕ್ಸ್‌ರೇ ಒಂದೇ ಥರ ಇದ್ದರೆ ದವಡೆ ಇನ್ನು ಬೆಳೆಯುವುದಿಲ್ಲ. ಏನೂ ಮಾಡದೆ ಇರುವುದೂ ಒಂದು ದಾರಿ. ಮರೆಮಾಡುವ ದಾರಿಯಲ್ಲಿ ಹಲ್ಲು ಸರಿಯಾಗುತ್ತದೆ, ಗದ್ದ ಹೀಗೇ ಇರುತ್ತದೆ. ಆಪರೇಶನ್ನಿನಲ್ಲಿ ಗದ್ದವೂ ಬದಲಾಗುತ್ತದೆ, ಆದರೆ ಮದುವೆ ಮಾತುಕತೆ ನಡೆಯುವ ಈ ಒಂದೂವರೆ ವರ್ಷ ಈಗಿನದ್ದಕ್ಕಿಂತ ಜಾಸ್ತಿ ಮುಂದೆ ಕಾಣುತ್ತದೆ. ಗದ್ದ ಮರಗಟ್ಟುವುದನ್ನೂ ಹೇಳಿದೆ, ಜೋಮು ಅಲ್ಲ ಅಂತ ಬಿಡಿಸಿ ಹೇಳಿದೆ. ಯಾವುದಕ್ಕೂ ಅವಸರ ಇಲ್ಲ. ಹತ್ತು ವರ್ಷ ಬಿಟ್ಟು ಬಂದರೂ ಎರಡು ದಾರಿಯೂ ಇರುತ್ತವೆ, ಇವತ್ತು ಹಲ್ಲು ಕೀಳದಿದ್ದರೆ.

ಅವಳು ಬ್ಯಾಗಿನಿಂದ ನೋಟ್‌ಬುಕ್ ತೆಗೆದು, ಕೊನೆಯ ಪುಟದಲ್ಲಿ ಮೂರು ಗೆರೆ ಎಳೆದು ಮೂರೂ ದಾರಿಯನ್ನು ಬರೆದುಕೊಂಡಳು. 'ಮರಗಟ್ಟುವುದು' ಅನ್ನುವ ಪದದ ಅಡಿಗೆ ಎರಡು ಗೀಟು ಹಾಕಿದಳು. ಹೊರಗೆ ಚಿಕ್ಕಮ್ಮ ಬಾಗಿಲು ತಟ್ಟುತ್ತಿದ್ದರು. "ಮುಂದಿನ ಸಲ ನಾನೊಬ್ಬಳೇ ಬರ್ತೇನೆ" ಅಂದಳು. ಬರುವ ಶನಿವಾರ ಮೂರು ಗಂಟೆಗೆ ಅವಳಿಗೆ ಸಮಯ ಕೊಟ್ಟಿದ್ದೇನೆ.